ಸಾಗರ ಪ್ರವಾಹಗಳು: ಪದೇ ಪದೇ ಕೇಳುವ ಪ್ರಶ್ನೆಗಳು, ಅರಬ್ಬಿ ಸಮುದ್ರದ ಕಡೆಯಿಂದ ಉತ್ತರಗಳು

ಸಮುದ್ರದ ಮಾತು ಬಂದಾಗಲೆಲ್ಲ ಒಂದಷ್ಟು ಪ್ರಶ್ನೆಗಳು ತಪ್ಪದೆ ಬರುತ್ತವೆ. ಕೆಲವು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರದು, ಕೆಲವು ಕರಾವಳಿಯವರದು, ಇನ್ನು ಕೆಲವು ವಾಟ್ಸ್ಆ್ಯಪ್ ವಿಡಿಯೊ ನೋಡಿ ಗಾಬರಿಯಾದವರದು. ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಸುಲಭದ್ದು ಮೊದಲು, ತಲೆ ತಿನ್ನುವಂಥದ್ದು ಕೊನೆಗೆ. ಆದಷ್ಟು ಉದಾಹರಣೆಗಳನ್ನು ನಮ್ಮ ಅರಬ್ಬಿ ಸಮುದ್ರ ಮತ್ತು ಬಂಗಾಳ ಕೊಲ್ಲಿಯಿಂದಲೇ ತೆಗೆದುಕೊಂಡಿದ್ದೇನೆ. ವರ್ಷಕ್ಕೆ ಎರಡು ಸಲ ಇಷ್ಟು ದೊಡ್ಡ ಮಟ್ಟದಲ್ಲಿ ದಿಕ್ಕು ಬದಲಿಸುವ ಸಮುದ್ರ ಬೇರೆಲ್ಲೂ ಇಲ್ಲ. ಆದರೂ ಪ್ರವಾಹ ಅಂದ ಕೂಡಲೇ ನಮಗೆ ನೆನಪಾಗೋದು ಅಮೆರಿಕದ ಪೂರ್ವ ತೀರದ ಗಲ್ಫ್ ಸ್ಟ್ರೀಮ್!

## ಶುರುವಿನ ಪ್ರಶ್ನೆಗಳು

ಅಲೆ, ಉಬ್ಬರ-ಇಳಿತ, ಪ್ರವಾಹ ಎಲ್ಲಾ ಒಂದೇ ಅಲ್ವಾ?

ಅಲ್ಲ. ಅಲೆಯಲ್ಲಿ ಮುಂದಕ್ಕೆ ಹೋಗೋದು ಶಕ್ತಿ. ನೀರು ಹೆಚ್ಚುಕಡಿಮೆ ಇದ್ದಲ್ಲೇ ಸುತ್ತು ಹಾಕುತ್ತದೆ. ದಡದಿಂದ ದೂರ ತೇಲುತ್ತಿರುವ ತೆಂಗಿನಕಾಯಿಯನ್ನು ಗಮನಿಸಿ. ಅಲೆ ಬಂದಾಗ ಏಳುತ್ತದೆ, ಇಳಿಯುತ್ತದೆ, ಅಲೆಯ ಜೊತೆ ಓಡಿಬರುವುದಿಲ್ಲ. ಉಬ್ಬರ-ಇಳಿತ ಚಂದ್ರ, ಸೂರ್ಯರ ಸೆಳೆತದ ಕೆಲಸ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಪ್ರವಾಹದಲ್ಲಿ ಮಾತ್ರ ನೀರೇ ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗುತ್ತದೆ, ವಾರಗಟ್ಟಲೆ, ತಿಂಗಳುಗಟ್ಟಲೆ. ಅದರ ಜೊತೆ ಬಿಸಿ, ಉಪ್ಪು, ಮೀನಿನ ಮೊಟ್ಟೆ, ಕಸ ಎಲ್ಲವೂ ಹೊರಡುತ್ತವೆ.

ನದಿ ಹರಿಯೋಕೆ ಇಳಿಜಾರು ಬೇಕು. ಸಮುದ್ರ ಸಮತಟ್ಟಾಗಿದೆಯಲ್ಲ, ಅಲ್ಲಿ ನೀರು ಹೇಗೆ ಹರಿಯುತ್ತೆ?

ತಳ್ಳುವವರು ಇಬ್ಬರು. ಮೇಲಿನ ಕೆಲವು ನೂರು ಮೀಟರ್ ನೀರನ್ನು ಮುಖ್ಯವಾಗಿ ಗಾಳಿ ತಳ್ಳುತ್ತದೆ. ಆಳದ ನೀರನ್ನು ತೂಕದ ವ್ಯತ್ಯಾಸ ಹೊರಡಿಸುತ್ತದೆ. ತಣ್ಣಗಿನ, ಉಪ್ಪು ಜಾಸ್ತಿ ಇರುವ ನೀರು ಭಾರ, ಕೆಳಗಿಳಿಯುತ್ತದೆ. ಬೆಚ್ಚಗಿನ, ಉಪ್ಪು ಕಡಿಮೆಯ ನೀರು ಹಗುರ, ಮೇಲೇ ನಿಲ್ಲುತ್ತದೆ.

ಇನ್ನೊಂದು ವಿಷಯ. ಸಮುದ್ರ ಸಮತಟ್ಟಾಗಿಲ್ಲ. ಗಾಳಿ ನೀರನ್ನು ಒಂದು ಕಡೆ ಗುಡ್ಡೆ ಹಾಕುತ್ತದೆ. ಗಲ್ಫ್ ಸ್ಟ್ರೀಮ್‌ನ ಈ ಬದಿಗೂ ಆ ಬದಿಗೂ ನೀರಿನ ಮಟ್ಟದಲ್ಲಿ ಸುಮಾರು 1 ಮೀಟರ್ ವ್ಯತ್ಯಾಸ ಇದೆ. ಹಡಗಿನಲ್ಲಿ ನಿಂತರೆ ಗೊತ್ತಾಗುವುದಿಲ್ಲ, ಉಪಗ್ರಹಕ್ಕೆ ಗೊತ್ತಾಗುತ್ತದೆ.

ಗಾಳಿ ಯಾವ ಕಡೆ ಬೀಸುತ್ತೋ ನೀರೂ ಆ ಕಡೆಗೇ ಹೋಗುತ್ತೆ ತಾನೆ?

ಹಾಗೆ ಅನ್ನಿಸುವುದು ಸಹಜ, ಆದರೆ ಇಲ್ಲ. ನಾರ್ವೆಯ ಅನ್ವೇಷಕ ನಾನ್ಸೆನ್ 1893ರಿಂದ 1896ರವರೆಗೆ ತನ್ನ ‘ಫ್ರಾಮ್’ ಹಡಗನ್ನು ಬೇಕಂತಲೇ ಉತ್ತರ ಧ್ರುವದ ಹಿಮದಲ್ಲಿ ಸಿಕ್ಕಿಹಾಕಿಸಿ, ಹಿಮದ ಜೊತೆ ತೇಲಿಕೊಂಡು ಹೋದ. ಹಿಮ ಗಾಳಿಯ ದಿಕ್ಕಿಗೆ ಹೋಗದೆ, ಅದರ ಬಲಕ್ಕೆ 20ರಿಂದ 40 ಡಿಗ್ರಿ ವಾಲಿಕೊಂಡು ಹೋಗುವುದನ್ನು ನೋಡಿದ. ಅದಕ್ಕೆ ಲೆಕ್ಕ ಹಾಕಿಕೊಟ್ಟವನು ಸ್ವೀಡನ್‌ನ ವಿಜ್ಞಾನಿ ಎಕ್ಮನ್. ಅವನ ಪ್ರಸಿದ್ಧ ಪ್ರಬಂಧ ಬಂದದ್ದು 1905ರಲ್ಲಿ.

ಕಾರಣ ಭೂಮಿ ತಿರುಗುತ್ತಿರುವುದು. ಉತ್ತರಾರ್ಧ ಗೋಳದಲ್ಲಿ ಚಲಿಸುವ ವಸ್ತು ಬಲಕ್ಕೆ ವಾಲುತ್ತದೆ, ದಕ್ಷಿಣದಲ್ಲಿ ಎಡಕ್ಕೆ. ಇದೇ ಕೊರಿಯೊಲಿಸ್ ಪರಿಣಾಮ. ಮೇಲ್ಪದರ ತನ್ನ ಕೆಳಗಿನ ಪದರವನ್ನು ಎಳೆಯುತ್ತದೆ, ಅದು ಇನ್ನಷ್ಟು ಬಲಕ್ಕೆ ವಾಲುತ್ತದೆ, ಅದರ ಕೆಳಗಿನದು ಮತ್ತೂ ಬಲಕ್ಕೆ. ಎಲ್ಲ ಪದರಗಳನ್ನೂ ಕೂಡಿಸಿದರೆ ಒಟ್ಟು ನೀರು ಹೋಗುವುದು ಗಾಳಿಗೆ 90 ಡಿಗ್ರಿ ಬಲಕ್ಕೆ. ಈ ಒಂದು ಅಂಶವನ್ನು ನೆನಪಿಟ್ಟುಕೊಳ್ಳಿ. ಬೂತಾಯಿ ಮೀನಿನ ಪ್ರಶ್ನೆಗೆ ಇದೇ ಬೇಕು.

ಹಾಗಾದ್ರೆ ಸಿಂಕ್‌ನಲ್ಲಿ ನೀರು ಸುತ್ತೋದೂ ಇದಕ್ಕೇನಾ?

ಅಲ್ಲ. ಅಷ್ಟು ಸಣ್ಣ ಜಾಗದಲ್ಲಿ, ಅಷ್ಟು ಕಡಿಮೆ ಹೊತ್ತಿನಲ್ಲಿ ಈ ಪರಿಣಾಮ ಲೆಕ್ಕಕ್ಕೇ ಬರುವುದಿಲ್ಲ. ಸಿಂಕ್‌ನ ಆಕಾರ, ನೀರು ಸುರಿದ ರೀತಿ, ಇವೇ ದಿಕ್ಕು ನಿರ್ಧರಿಸುತ್ತವೆ. ಸಮಭಾಜಕ ವೃತ್ತದ ಗೆರೆಯ ಆಚೆ ಈಚೆ ಬೇಸಿನ್ ಇಟ್ಟು ಪ್ರವಾಸಿಗರಿಗೆ ತೋರಿಸುವ ಆಟ ಬರೀ ಕೈಚಳಕ.

ಎಷ್ಟು ನೀರು ಹರಿಯುತ್ತೆ ಅಂತ ಒಂದು ಅಂದಾಜು ಹೇಳಿ.

ಸಮುದ್ರ ವಿಜ್ಞಾನಿಗಳ ಅಳತೆ ಸ್ವೆರ್ಡ್ರಪ್. ಸೆಕೆಂಡಿಗೆ 10 ಲಕ್ಷ ಘನ ಮೀಟರ್ ಹರಿದರೆ ಅದು 1 ಸ್ವೆರ್ಡ್ರಪ್. ಭೂಮಿಯ ಮೇಲಿನ ನದಿಗಳೆಲ್ಲ ಸೇರಿ ಸಮುದ್ರಕ್ಕೆ ಸುರಿಯುವ ನೀರು ಹೆಚ್ಚುಕಡಿಮೆ ಇಷ್ಟೇ, ಒಂದು ಸ್ವೆರ್ಡ್ರಪ್‌ಗಿಂತ ತುಸು ಜಾಸ್ತಿ. ಫ್ಲಾರಿಡಾ ಹತ್ತಿರ ಗಲ್ಫ್ ಸ್ಟ್ರೀಮ್‌ನಲ್ಲಿ ಸುಮಾರು 30 ಸ್ವೆರ್ಡ್ರಪ್ ಹರಿಯುತ್ತದೆ. ನಮ್ಮ ಕೆಆರ್‌ಎಸ್ ತುಂಬಿದಾಗ ಇರುವ ನೀರು 49.45 ಟಿಎಂಸಿ. ಅಷ್ಟು ನೀರು ಫ್ಲಾರಿಡಾದ ಆ ಜಾಗ ದಾಟಲು 50 ಸೆಕೆಂಡೂ ಬೇಡ. ಅಂಟಾರ್ಕ್ಟಿಕಾವನ್ನು ಸುತ್ತುವ ಪ್ರವಾಹ ಇನ್ನೂ ದೊಡ್ಡದು, 130ರಿಂದ 170 ಸ್ವೆರ್ಡ್ರಪ್. ಎಲ್ಲೂ ನೆಲ ಅಡ್ಡ ಬರದೆ ಭೂಮಿಯನ್ನು ಪೂರ್ತಿ ಸುತ್ತಿಬರುವ ಪ್ರವಾಹ ಅದೊಂದೇ.

ವೇಗ ಅಂತ ನೋಡಿದರೆ ಇವು ಭಾರೀ ಏನಲ್ಲ. ಜೋರಿರುವ ಕಡೆ ಸೆಕೆಂಡಿಗೆ 2 ಮೀಟರ್, ಅಂದರೆ ಬಿರುಸಾಗಿ ನಡೆಯುವವರಿಗಿಂತ ಸ್ವಲ್ಪ ಮುಂದೆ. ಆಳದಲ್ಲಿ ಸೆಕೆಂಡಿಗೆ ಕೆಲವು ಸೆಂಟಿಮೀಟರ್ ಅಷ್ಟೇ.

ಕನ್ಯಾಕುಮಾರಿಯಲ್ಲಿ ಮೂರು ಸಮುದ್ರ ಸೇರಿದರೂ ನೀರು ಬೆರೆಯೋದೇ ಇಲ್ವಂತೆ, ನಿಜಾನಾ?

ಬೆರೆಯುತ್ತವೆ. ಅರಬ್ಬಿ ಸಮುದ್ರ, ಬಂಗಾಳ ಕೊಲ್ಲಿ, ಹಿಂದೂ ಮಹಾಸಾಗರ ಅನ್ನುವ ಗೆರೆಗಳನ್ನು ಎಳೆದವರು ನಾವು, ನೀರಿಗೆ ಅದರ ಗೊಡವೆ ಇಲ್ಲ. ಎರಡು ಬಣ್ಣದ ನೀರು ಪಕ್ಕಪಕ್ಕ ನಿಂತಂತೆ ಕಾಣುವ ವಿಡಿಯೊಗಳಲ್ಲಿ ಬಹಳಷ್ಟು ಅಲಾಸ್ಕಾ ಕೊಲ್ಲಿಯವು. ಹಿಮನದಿಗಳು ಅರೆದು ತಂದ ನುಣ್ಣನೆಯ ಪುಡಿ ಒಂದು ಕಡೆಯ ನೀರಿನಲ್ಲಿರುತ್ತದೆ, ಇನ್ನೊಂದು ಕಡೆ ತಿಳಿನೀರು. ಆ ಗೆರೆ ಸರಿಯುತ್ತಾ, ಹರಿಯುತ್ತಾ ಕೊನೆಗೆ ಮಾಯವಾಗುತ್ತದೆ. ಮಳೆಗಾಲದಲ್ಲಿ ನೇತ್ರಾವತಿಯ ಅಳಿವೆ ಬಾಗಿಲಿನಲ್ಲಿ ನಿಂತರೆ ಕೆಂಪು ನೀರಿಗೂ ಕಡಲಿನ ನೀರಿಗೂ ನಡುವೆ ಇಂಥದ್ದೇ ಗೆರೆ ಕಾಣುತ್ತದೆ.

ಬೀಚ್‌ನಲ್ಲಿ ಒಮ್ಮೆಲೇ ಒಳಗೆ ಎಳೆದುಕೊಂಡು ಹೋಗುತ್ತಲ್ಲ, ಅದು ಸಾಗರ ಪ್ರವಾಹಾನಾ?

ಅದು ಬೇರೆ, ಆದರೆ ಇಲ್ಲಿರುವ ಎಲ್ಲ ಉತ್ತರಗಳಿಗಿಂತ ಇದು ಮುಖ್ಯ. ಅಲೆಗಳು ದಡಕ್ಕೆ ತಂದು ಸುರಿದ ನೀರು ಎಲ್ಲಾದರೂ ವಾಪಸ್ ಹೋಗಲೇಬೇಕು. ಮರಳು ದಿಬ್ಬದ ನಡುವೆ ಕಿರಿದಾದ ದಾರಿ ಸಿಕ್ಕರೆ ಅಲ್ಲಿಂದ ರಭಸವಾಗಿ ಹೊರಗೆ ಓಡುತ್ತದೆ. ಇಂಗ್ಲಿಷ್‌ನಲ್ಲಿ ಇದಕ್ಕೆ ರಿಪ್ ಕರೆಂಟ್ ಅನ್ನುತ್ತಾರೆ. ಮೋಸ ಎಲ್ಲಿದೆ ಅಂದರೆ, ಆ ಜಾಗ ಶಾಂತವಾಗಿ ಕಾಣುತ್ತದೆ. ಎರಡೂ ಕಡೆ ಅಲೆ ನೊರೆಯಾಗಿ ಒಡೆಯುತ್ತಿರುತ್ತದೆ, ನಡುವೆ ಒಂದು ಪಟ್ಟಿಯಲ್ಲಿ ಮಾತ್ರ ಒಡೆಯುವುದಿಲ್ಲ. ನೀರು ಸ್ವಲ್ಪ ಗಾಢ, ಮೇಲೆ ನೊರೆ, ಕಸ ಹೊರಗೆ ಹೋಗುತ್ತಿರುತ್ತದೆ. ಈಜು ಬಾರದವರು ‘ಇಲ್ಲಿ ಅಲೆ ಇಲ್ಲ’ ಅಂತ ಸರಿಯಾಗಿ ಅಲ್ಲಿಗೇ ಇಳಿಯುತ್ತಾರೆ.

ಸಿಕ್ಕಿಕೊಂಡರೆ ದಡದ ಕಡೆಗೆ ನೇರ ಈಜಬೇಡಿ. ಎಂಥ ಈಜುಗಾರನೂ ಸೋತುಹೋಗುತ್ತಾನೆ. ಅದು ನಿಮ್ಮನ್ನು ಕೆಳಗೆ ಎಳೆಯುವುದಿಲ್ಲ, ಹೊರಗೆ ಒಯ್ಯುತ್ತದೆ. ಮೊದಲು ತೇಲಿಕೊಂಡಿರಿ, ಕೈ ಎತ್ತಿ ಕೂಗಿ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಅಲೆ ಒಡೆಯುವ ಜಾಗ ಸಿಕ್ಕಮೇಲೆ ದಡದತ್ತ ಬನ್ನಿ. ಈಜು ಬರದಿದ್ದರೆ ಈ ಯಾವ ಉಪಾಯವೂ ಉಪಯೋಗಕ್ಕೆ ಬರುವುದಿಲ್ಲ, ನೀರಿಗೆ ಇಳಿಯಬೇಡಿ. ಲೈಫ್‌ಗಾರ್ಡ್ ಸೀಟಿ ಊದಿದರೆ ಅವರ ಜೊತೆ ವಾದಕ್ಕೆ ನಿಲ್ಲಬೇಡಿ.

## ನಮ್ಮ ಕಡಲಿನ ಪ್ರಶ್ನೆಗಳು

ಅಟ್ಲಾಸ್‌ನಲ್ಲಿ ಹಿಂದೂ ಮಹಾಸಾಗರಕ್ಕೆ ಮಾತ್ರ ಎರಡು ನಕ್ಷೆ ಕೊಡ್ತಾರೆ. ಯಾಕೆ?

ಅಟ್ಲಾಂಟಿಕ್, ಪೆಸಿಫಿಕ್‌ಗಳಲ್ಲಿ ದೊಡ್ಡ ಪ್ರವಾಹಗಳು ವರ್ಷವಿಡೀ ಒಂದೇ ದಿಕ್ಕಿಗೆ ಸುತ್ತುತ್ತವೆ. ಹಿಂದೂ ಮಹಾಸಾಗರದ ಉತ್ತರ ಭಾಗ ಹಾಗಲ್ಲ. ಉತ್ತರಕ್ಕೆ ಏಷ್ಯಾ ಖಂಡ ಮುಚ್ಚಿಕೊಂಡಿದೆ. ಬೇಸಿಗೆಯಲ್ಲಿ ಆ ನೆಲ ಕಾದು ನೈಋತ್ಯದಿಂದ ಗಾಳಿ ಎಳೆದುಕೊಳ್ಳುತ್ತದೆ. ಚಳಿಗಾಲದಲ್ಲಿ ನೆಲ ತಣ್ಣಗಾಗಿ ಈಶಾನ್ಯದಿಂದ ಗಾಳಿ ಬೀಸುತ್ತದೆ. ಗಾಳಿ ತಿರುಗಿದರೆ ನೀರೂ ತಿರುಗುತ್ತದೆ.

ಇದು ಎದ್ದು ಕಾಣುವುದು ಸೊಮಾಲಿಯಾ ತೀರದಲ್ಲಿ. ಚಳಿಗಾಲದಲ್ಲಿ ಅಲ್ಲಿನ ಪ್ರವಾಹ ದಕ್ಷಿಣಕ್ಕೆ ಹರಿಯುತ್ತದೆ. ಜೂನ್ ಹೊತ್ತಿಗೆ ಪೂರ್ತಿ ತಿರುಗಿ ಉತ್ತರಕ್ಕೆ ನುಗ್ಗುತ್ತದೆ. ಸೆಕೆಂಡಿಗೆ 2 ಮೀಟರ್ ದಾಟುವುದೂ ಉಂಟು. ಜೊತೆಗೆ ನೂರಾರು ಕಿಲೋಮೀಟರ್ ಅಗಲದ ಒಂದು ದೊಡ್ಡ ಸುಳಿ ಏಳುತ್ತದೆ. ಅದಕ್ಕೆ ವಿಜ್ಞಾನಿಗಳು ಇಟ್ಟಿರುವ ಹೆಸರೇ ‘ಮಹಾ ಸುಳಿ’. ಅದೇ ಹೊತ್ತಿಗೆ ತಳದ ತಣ್ಣೀರು ಮೇಲೆದ್ದು, ಸಮಭಾಜಕ ವೃತ್ತಕ್ಕೆ ಅಷ್ಟು ಹತ್ತಿರವಿದ್ದರೂ ತೀರದ ನೀರಿನ ತಾಪ 20 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ. ಶ್ರೀಲಂಕಾದ ದಕ್ಷಿಣಕ್ಕೂ ಇದೇ ಕಥೆ: ಬೇಸಿಗೆ ಮಾನ್ಸೂನ್‌ನಲ್ಲಿ ನೀರು ಪೂರ್ವಕ್ಕೆ, ಚಳಿಗಾಲದಲ್ಲಿ ಪಶ್ಚಿಮಕ್ಕೆ.

ಹಾಯಿಹಡಗಿನ ಕಾಲದಲ್ಲಿ ಇದು ಬದುಕಿನ ಪ್ರಶ್ನೆ. 12ನೇ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲೆಸಿ ಏಡನ್ ಜೊತೆ ವ್ಯಾಪಾರ ಮಾಡುತ್ತಿದ್ದ ಯಹೂದಿ ವರ್ತಕ ಬೆನ್ ಯಿಜು ಆಗಲಿ, ಅವನಿಗಿಂತ ಸಾವಿರ ವರ್ಷ ಹಿಂದಿನ ರೋಮನ್ ಕಾಲದ ನಾವಿಕರಾಗಲಿ, ಇದೇ ತಿರುಗುಮುರುಗು ನೋಡಿಕೊಂಡೇ ಹಡಗು ಬಿಡಬೇಕಿತ್ತು.

ಮಂಗಳೂರು, ಕಾರವಾರದ ಎದುರು ನೀರು ಯಾವ ಕಡೆ ಹೋಗುತ್ತೆ?

ಮಳೆಗಾಲದಲ್ಲಿ ದಕ್ಷಿಣಕ್ಕೆ, ಅಂದರೆ ಕಾರವಾರದಿಂದ ಮಂಗಳೂರು, ಕೇರಳದ ಕಡೆಗೆ. ನವೆಂಬರ್‌ನಿಂದ ಫೆಬ್ರವರಿವರೆಗೆ ಉತ್ತರಕ್ಕೆ. ಇದನ್ನು ಪಶ್ಚಿಮ ಭಾರತ ಕರಾವಳಿ ಪ್ರವಾಹ ಅನ್ನುತ್ತಾರೆ. ಗಲ್ಫ್ ಸ್ಟ್ರೀಮ್ ಮುಂದೆ ಇದು ಬಹಳ ಮೆದು. ದಿನದ ಲೆಕ್ಕದಲ್ಲಿ ಉಬ್ಬರ-ಇಳಿತ, ಗಾಳಿ ಎಲ್ಲ ಸೇರಿ ನೀರು ಹಿಂದೆ ಮುಂದೆ ಓಲಾಡುತ್ತಿರುತ್ತದೆ. ಹಾಗಾಗಿ ಒಂದು ದಿನ ಬಲೆ ಉಲ್ಟಾ ಕಡೆ ಸರಿದರೆ ಆಶ್ಚರ್ಯವಿಲ್ಲ. ಮೇಲೆ ಹೇಳಿದ್ದು ತಿಂಗಳುಗಳ ಸರಾಸರಿ.

ಮಳೆಗಾಲ ಕಳೆದ ಮೇಲೆ ಬೂತಾಯಿ, ಬಂಗುಡೆ ಯಾಕೆ ಅಷ್ಟು ಸಿಗುತ್ತೆ?

ಗಾಳಿಗೆ 90 ಡಿಗ್ರಿ ಬಲಕ್ಕೆ ಅಂದೆವಲ್ಲ, ಅದು ಇಲ್ಲಿ ಕೆಲಸಕ್ಕೆ ಬರುತ್ತದೆ. ಮಳೆಗಾಲದಲ್ಲಿ ನಮ್ಮ ತೀರದ ಗಾಳಿಯಲ್ಲಿ ಉತ್ತರದಿಂದ ದಕ್ಷಿಣಕ್ಕೆ ಬೀಸುವ ಒಂದು ಅಂಶ ಇರುತ್ತದೆ. ದಕ್ಷಿಣಕ್ಕೆ ಮುಖ ಮಾಡಿ ನಿಂತರೆ ಬಲಗಡೆ ಯಾವುದು? ಪಶ್ಚಿಮ, ತೆರೆದ ಕಡಲು. ಮೇಲಿನ ನೀರು ದಡ ಬಿಟ್ಟು ಹೊರಗೆ ಸರಿಯುತ್ತದೆ. ಖಾಲಿಯಾದ ಜಾಗಕ್ಕೆ ತಳದ ತಣ್ಣನೆಯ ನೀರು ಏರಿಬರುತ್ತದೆ. ಆ ನೀರಿನಲ್ಲಿ ನೈಟ್ರೇಟ್, ಫಾಸ್ಫೇಟ್ ತುಂಬಿರುತ್ತದೆ, ಅಂದರೆ ಗೊಬ್ಬರ. ಬಿಸಿಲು ತಾಗಿದ ಕೂಡಲೇ ಕಣ್ಣಿಗೆ ಕಾಣದ ಸಸ್ಯಗಳು, ಮುಖ್ಯವಾಗಿ ಡಯಾಟಮ್‌ಗಳು, ದಟ್ಟವಾಗಿ ಬೆಳೆಯುತ್ತವೆ. ಬೂತಾಯಿಗೆ ಅದೇ ಊಟ.

ಈ ಏರಿಕೆ ಕನ್ಯಾಕುಮಾರಿ, ಕೇರಳದ ಕಡೆ ಮೇ-ಜೂನ್‌ನಲ್ಲಿ ಶುರುವಾಗಿ ಉತ್ತರಕ್ಕೆ ಹಬ್ಬುತ್ತದೆ. ಕರ್ನಾಟಕಕ್ಕೆ ಬರುವಷ್ಟರಲ್ಲಿ ಸ್ವಲ್ಪ ಸೊರಗಿರುತ್ತದೆ. ಇಲ್ಲೊಂದು ವಿಶೇಷ ಇದೆ. ಮೇಲಿಂದ ಜಡಿಮಳೆ, ಘಟ್ಟದಿಂದ ಇಳಿದ ಶರಾವತಿ, ಕಾಳಿ, ನೇತ್ರಾವತಿಗಳ ಸಿಹಿನೀರು. ಈ ಹಗುರ ನೀರು ಕಡಲ ಮೇಲೆ ತೆಳ್ಳನೆಯ ಮುಚ್ಚಳದಂತೆ ಹರಡಿರುತ್ತದೆ. ಏರಿಬಂದ ತಣ್ಣೀರು ಅನೇಕ ಸಲ ಅದರ ಅಡಿಯಲ್ಲೇ ನಿಂತುಬಿಡುತ್ತದೆ. ಮೇಲೆ ಬೆಚ್ಚಗೆ, ಕೆಲವು ಮೀಟರ್ ಕೆಳಗೆ ತಣ್ಣಗೆ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟ್‌ಗಳಿಗೆ ನಿಷೇಧ. ಈ ಏರಿಕೆಯ ದೊಡ್ಡ ಪಾಲು ಬೋಟ್‌ಗಳು ದಕ್ಕೆಯಲ್ಲಿ ನಿಂತಿರುವಾಗಲೇ ನಡೆಯುತ್ತದೆ. ಹಿಂದೆ ದಡದಿಂದ ಎಳೆಯುವ ದೊಡ್ಡ ರಂಪಣಿ ಬಲೆಗಳ ಕಾಲದಲ್ಲಿ ಮಳೆ ತಗ್ಗಿದ ಮೇಲೆ ಮೀನು ದಡದ ಹತ್ತಿರ ಬರುವುದನ್ನು ಕಾದು, ಊರಿಗೆ ಊರೇ ಬಲೆ ಎಳೆಯುತ್ತಿತ್ತು. 1970ರ ದಶಕದ ಕೊನೆಗೆ, ಮೀನಿನ ಹಿಂಡನ್ನು ಬಲೆಯಿಂದ ಸುತ್ತುಗಟ್ಟಿ ಹಿಡಿಯುವ ಪರ್ಸೀನ್ ಬೋಟ್‌ಗಳು ಬಂದವು, ಕಾಯುವ ಬದಲು ಹುಡುಕಿಕೊಂಡು ಹೋಗುವುದು ಶುರುವಾಯಿತು. ಒಂದು ವರ್ಷ ಬೂತಾಯಿ ಸಿಗದಿದ್ದರೆ ಪ್ರವಾಹದ ತಲೆಗೇ ಕಟ್ಟಬೇಡಿ. ಹಿಡಿದದ್ದೆಷ್ಟು, ಮರಿ ಬಿಟ್ಟದ್ದೆಷ್ಟು ಅನ್ನುವ ಲೆಕ್ಕವೂ ಇದೆ.

ತಳದ ನೀರು ಏರೋದು ಅಷ್ಟು ಒಳ್ಳೇದಾದ್ರೆ, ಜಾಸ್ತಿ ಏರಿದಷ್ಟೂ ಲಾಭ ತಾನೆ?

ಅಲ್ಲ. ಅರಬ್ಬಿ ಸಮುದ್ರದಲ್ಲಿ ಸುಮಾರು 150 ಮೀಟರ್‌ನಿಂದ 1,000 ಮೀಟರ್ ಆಳದವರೆಗೆ ಆಮ್ಲಜನಕ ತೀರಾ ಕಡಿಮೆ. ಜಗತ್ತಿನ ದೊಡ್ಡ ಆಮ್ಲಜನಕ-ಬಡ ಪಟ್ಟಿಗಳಲ್ಲಿ ಇದೂ ಒಂದು. ಮೇಲೇರುವ ನೀರಿಗೆ ಗೊಬ್ಬರ ಎಷ್ಟಿದೆಯೋ ಉಸಿರು ಅಷ್ಟೇ ಕಡಿಮೆ. ಮೇಲೆ ಬೆಳೆದ ಸಸ್ಯಗಳು ಸತ್ತು ಕೊಳೆಯುವಾಗ ಉಳಿದಿದ್ದೂ ಖರ್ಚಾಗುತ್ತದೆ. ಆಗಸ್ಟ್‌ನಿಂದ ಅಕ್ಟೋಬರ್ ನಡುವೆ ಪಶ್ಚಿಮ ಕರಾವಳಿಯ ಆಳವಿಲ್ಲದ ಕಡಲಿನ ತಳದಲ್ಲಿ ಉಸಿರುಗಟ್ಟುವ ಸ್ಥಿತಿ ಬರುತ್ತದೆ. ತಳದಲ್ಲಿರುವ ಮೀನು, ಸಿಗಡಿ ಜಾಗ ಬಿಟ್ಟು ಹೋಗುತ್ತವೆ, ಹೋಗಲಾರದವು ಸಾಯುತ್ತವೆ.

ಗಂಗೆಯ ನೀರು ಅರಬ್ಬಿ ಸಮುದ್ರಕ್ಕೂ ಬರುತ್ತಂತೆ. ಸುಮ್ನೆ ಹೇಳ್ತಾರೋ, ನಿಜಾನೋ?

ನಿಜ. ಗಂಗಾ, ಬ್ರಹ್ಮಪುತ್ರ, ಮಹಾನದಿ, ಗೋದಾವರಿ, ಐರಾವತಿ ಎಲ್ಲ ಸುರಿಯುವುದು ಬಂಗಾಳ ಕೊಲ್ಲಿಗೆ. ಹಾಗಾಗಿ ಅಲ್ಲಿನ ಮೇಲ್ಪದರದಲ್ಲಿ ಉಪ್ಪು ಕಡಿಮೆ. ಅರಬ್ಬಿ ಸಮುದ್ರದಲ್ಲಿ ಆವಿಯಾಗುವುದೇ ಜಾಸ್ತಿ, ಅದಕ್ಕೆ ಉಪ್ಪೂ ಜಾಸ್ತಿ. ಮಳೆಗಾಲ ಮುಗಿದ ಮೇಲೆ ಕೊಲ್ಲಿಯ ಈ ತೆಳುನೀರು ನಮ್ಮ ಪೂರ್ವ ಕರಾವಳಿಯನ್ನು ಹಿಡಿದು ಕೆಳಗಿಳಿಯುತ್ತದೆ, ಶ್ರೀಲಂಕಾವನ್ನು ಬಳಸುತ್ತದೆ, ನವೆಂಬರ್-ಜನವರಿ ಹೊತ್ತಿಗೆ ಲಕ್ಷದ್ವೀಪ, ಕೇರಳದ ಎದುರಿನ ಕಡಲಿಗೆ ಬರುತ್ತದೆ. ಅಲ್ಲಿಂದ ಕರಾವಳಿ ಪ್ರವಾಹ ಅದನ್ನು ಉತ್ತರಕ್ಕೆ ಒಯ್ಯುತ್ತದೆ.

ಇದರಿಂದ ಏನಾಗುತ್ತದೆ ಅನ್ನುವುದನ್ನು ಅಡುಗೆಮನೆಯಲ್ಲೇ ನೋಡಬಹುದು. ಎರಡು ಗಾಜಿನ ಲೋಟ ತೆಗೆದುಕೊಳ್ಳಿ. ಒಂದರಲ್ಲಿ ನಲ್ಲಿ ನೀರು, ಇನ್ನೊಂದರಲ್ಲಿ ಎರಡು ಮೂರು ಚಮಚ ಉಪ್ಪು ಕರಗಿಸಿದ ನೀರು. ಶಾಯಿ ಹಾಕಿ ಮಾಡಿದ ಐಸ್ ತುಂಡನ್ನು ಎರಡಕ್ಕೂ ಬಿಡಿ. ಅಲುಗಾಡಿಸಬೇಡಿ. ಸಿಹಿನೀರಿನ ಲೋಟದಲ್ಲಿ ಕರಗಿದ ತಣ್ಣೀರು ನೀಲಿ ಎಳೆಗಳಾಗಿ ತಳಕ್ಕೆ ಇಳಿಯುತ್ತದೆ, ಸ್ವಲ್ಪ ಹೊತ್ತಿಗೆ ಇಡೀ ಲೋಟ ನೀಲಿ. ಉಪ್ಪುನೀರಿನ ಲೋಟದಲ್ಲಿ ನೀಲಿ ಬಣ್ಣ ಮೇಲೆಯೇ ಒಂದು ಪಟ್ಟಿಯಾಗಿ ನಿಲ್ಲುತ್ತದೆ, ಐಸ್ ಕರಗುವುದೂ ನಿಧಾನ. ತಣ್ಣಗಿದ್ದರೂ ಅದು ಇಳಿಯಲಾರದು, ಕೆಳಗಿರುವ ಉಪ್ಪುನೀರು ಅದಕ್ಕಿಂತ ಭಾರ.

ಕೇರಳದ ಎದುರಿನ ಕಡಲಿನಲ್ಲೂ ಸಿಹಿನೀರಿನ ಪಟ್ಟಿ ಹೀಗೆಯೇ ಮೇಲೆ ಕೂರುತ್ತದೆ. ಕೆಳಗಿನ ತಣ್ಣೀರು ಮೇಲಿನದರ ಜೊತೆ ಬೆರೆಯುವುದು ಕಷ್ಟವಾಗುತ್ತದೆ. ಬಿಸಿಲಿನ ಕಾವು ಆ ತೆಳು ಪದರದಲ್ಲೇ ಸೇರಿಕೊಳ್ಳುತ್ತದೆ. ಏಪ್ರಿಲ್-ಮೇ ಹೊತ್ತಿಗೆ ಅಲ್ಲಿನ ನೀರು 30 ಡಿಗ್ರಿ ದಾಟುತ್ತದೆ. ಮಾನ್ಸೂನ್ ಕೇರಳಕ್ಕೆ ಕಾಲಿಡುವ ಮುಂಚೆ ಹಿಂದೂ ಮಹಾಸಾಗರದ ಅತಿ ಬೆಚ್ಚಗಿನ ಜಾಗಗಳಲ್ಲಿ ಅದೂ ಒಂದು. ಈ ಬಿಸಿಗೆ ಸಿಹಿನೀರಿನ ಪಾಲು ಎಷ್ಟು, ಬಿಸಿಲು ಮತ್ತು ತಗ್ಗಿದ ಗಾಳಿಯ ಪಾಲು ಎಷ್ಟು ಅನ್ನುವುದರಲ್ಲಿ ವಿಜ್ಞಾನಿಗಳಿಗೆ ಒಮ್ಮತ ಇಲ್ಲ.

ಮೇ-ಜೂನ್‌ನಲ್ಲಿ ಬೀಚ್ ಮೇಲೆ ಡಾಂಬರಿನ ಉಂಡೆ, ಪ್ಲಾಸ್ಟಿಕ್ ಎಲ್ಲಿಂದ ಬರುತ್ತೆ?

ಡಾಂಬರಿನಂಥ ಉಂಡೆಗಳು ಕಚ್ಚಾತೈಲದ ಉಳಿಕೆ. ಹಡಗುಗಳಿಂದ, ಕಡಲಿನ ತೈಲಬಾವಿಗಳಿಂದ ಸೋರಿದ್ದು ಬಿಸಿಲಿಗೆ, ಅಲೆಗೆ ಸಿಕ್ಕಿ ಗಟ್ಟಿಯಾಗುತ್ತದೆ. ಗಾಳಿ ನೈಋತ್ಯದಿಂದ ಬೀಸತೊಡಗಿದ ಕೂಡಲೇ ಗೋವಾ, ಕರ್ನಾಟಕದ ದಡಕ್ಕೆ ಬಂದು ಬೀಳುತ್ತದೆ. ಪ್ಲಾಸ್ಟಿಕ್‌ನ ಕಥೆ ಇನ್ನೂ ಸರಳ. ಬಹುಪಾಲು ನಮ್ಮದೇ. ಮೊದಲ ಮಳೆಗೆ ಹಳ್ಳ, ಹೊಳೆಗಳಿಂದ ಕಡಲಿಗೆ ಹೋದದ್ದನ್ನು ಗಾಳಿ, ಅಲೆ ವಾಪಸ್ ತಂದು ಹಾಕುತ್ತವೆ.

## ಇಡೀ ಭೂಮಿಯ ಪ್ರಶ್ನೆಗಳು

ಮಲೇಷ್ಯಾದ ವಿಮಾನ ಕಾಣೆಯಾದಾಗ ತುಂಡು ಆಫ್ರಿಕಾ ಕಡೆ ಸಿಕ್ತಲ್ಲ, ಅಷ್ಟು ದೂರ ಹೇಗೆ ಹೋಯ್ತು?

ಎಂಎಚ್370 ಕಾಣೆಯಾದದ್ದು 2014ರ ಮಾರ್ಚ್ 8ರಂದು. ಹುಡುಕಾಟ ನಡೆದದ್ದು ಮುಖ್ಯವಾಗಿ ಆಸ್ಟ್ರೇಲಿಯಾದ ಪಶ್ಚಿಮಕ್ಕೆ, ದಕ್ಷಿಣ ಹಿಂದೂ ಮಹಾಸಾಗರದಲ್ಲಿ. ರೆಕ್ಕೆಯ ಒಂದು ತುಂಡು ಸಿಕ್ಕಿದ್ದು 2015ರ ಜುಲೈ ಕೊನೆಗೆ, ಮಡಗಾಸ್ಕರ್ ಪಕ್ಕದ ರಿಯೂನಿಯನ್ ದ್ವೀಪದಲ್ಲಿ. ಸಮಭಾಜಕ ವೃತ್ತದ ದಕ್ಷಿಣಕ್ಕೆ ಹಿಂದೂ ಮಹಾಸಾಗರ ಮಾನ್ಸೂನ್‌ಗೆ ಬಗ್ಗುವುದಿಲ್ಲ. ಅಲ್ಲಿ ಅಪ್ರದಕ್ಷಿಣವಾಗಿ ಸುತ್ತುವ ಒಂದು ದೊಡ್ಡ ಚಕ್ರ ವರ್ಷವಿಡೀ ಇರುತ್ತದೆ. ಅದರ ಉತ್ತರದ ಅಂಚು ಪಶ್ಚಿಮಕ್ಕೆ ಹರಿಯುವ ದಕ್ಷಿಣ ಸಮಭಾಜಕ ಪ್ರವಾಹ. ತುಂಡು ಆ ದಾರಿ ಹಿಡಿದಿತ್ತು. ಆಮೇಲೆ ಆಸ್ಟ್ರೇಲಿಯಾದ ವಿಜ್ಞಾನಿಗಳು ಅದೇ ಮಾದರಿಯ ನಿಜವಾದ ರೆಕ್ಕೆಭಾಗ ತಂದು, ಸಿಕ್ಕ ತುಂಡಿನ ಆಕಾರಕ್ಕೆ ಕತ್ತರಿಸಿ, ಕಡಲಿಗೆ ಬಿಟ್ಟು ಗಾಳಿಗೆ ಎಷ್ಟು ಸರಿಯುತ್ತದೆ ಅಂತ ಅಳೆದರು. ತೇಲುವ ವಸ್ತುವಿನ ದಾರಿಯನ್ನು ನೀರಿನ ಜೊತೆ ಗಾಳಿಯೂ ನಿರ್ಧರಿಸುತ್ತದೆ ಅನ್ನುವ ಕಾರಣಕ್ಕೆ ಈ ಅಳತೆ.

ಮಹಾಸಾಗರದ ಪಶ್ಚಿಮ ಅಂಚಿನ ಪ್ರವಾಹಗಳೇ ಯಾಕೆ ಜೋರು?

ಗಲ್ಫ್ ಸ್ಟ್ರೀಮ್, ಜಪಾನ್‌ನ ಕುರೋಶಿಯೋ, ಆಫ್ರಿಕಾದ ಅಗುಲ್ಹಾಸ್, ಬೇಸಿಗೆಯ ಸೊಮಾಲಿ ಪ್ರವಾಹ, ಎಲ್ಲವೂ ತಮ್ಮ ತಮ್ಮ ಸಾಗರದ ಪಶ್ಚಿಮ ಅಂಚಿನವು. ಇದಕ್ಕೆ ಉತ್ತರ ಕೊಟ್ಟವನು ಅಮೆರಿಕದ ಸಮುದ್ರ ವಿಜ್ಞಾನಿ ಹೆನ್ರಿ ಸ್ಟಾಮೆಲ್, 1948ರಲ್ಲಿ. ಕೊರಿಯೊಲಿಸ್ ಪರಿಣಾಮ ಸಮಭಾಜಕ ವೃತ್ತದಲ್ಲಿ ಸೊನ್ನೆ, ಧ್ರುವದ ಕಡೆ ಹೋದಂತೆ ಜಾಸ್ತಿ. ಎಲ್ಲ ಕಡೆ ಒಂದೇ ಸಮ ಇದ್ದಿದ್ದರೆ ಸಾಗರವನ್ನು ಸುತ್ತುವ ಪ್ರವಾಹ ಚಕ್ರದ ಎರಡು ಬದಿಯೂ ಒಂದೇ ತರ ಇರುತ್ತಿತ್ತು. ಹೀಗೆ ಬದಲಾಗುವುದರಿಂದಲೇ ಚಕ್ರ ಪಶ್ಚಿಮಕ್ಕೆ ಒತ್ತಿಕೊಂಡು, ಅಲ್ಲಿ ಕಿರಿದಾಗಿ ರಭಸವಾಗುತ್ತದೆ ಅಂತ ಅವನು ಲೆಕ್ಕದಲ್ಲಿ ತೋರಿಸಿದ.

ಗಲ್ಫ್ ಸ್ಟ್ರೀಮ್ ನಿಂತರೆ ಯುರೋಪ್ ಹೆಪ್ಪುಗಟ್ಟುತ್ತೆ ಅಂತಾರಲ್ಲ?

ಈ ಮಾತಿನಲ್ಲಿ ಎರಡು ಬೇರೆ ಬೇರೆ ವಿಷಯ ಕಲಸಿಹೋಗಿವೆ. ಗಲ್ಫ್ ಸ್ಟ್ರೀಮ್ ಬಹುಪಾಲು ಗಾಳಿಯಿಂದ ಹುಟ್ಟಿದ್ದು. ಗಾಳಿ ಬೀಸುವವರೆಗೆ, ಭೂಮಿ ತಿರುಗುವವರೆಗೆ ಅದು ನಿಲ್ಲುವುದಿಲ್ಲ. ಸುದ್ದಿಯಲ್ಲಿ ‘ನಿಲ್ಲಬಹುದು’ ಅನ್ನುವುದು ಅಟ್ಲಾಂಟಿಕ್‌ನ ಮೇಲೆ-ಕೆಳಗೆ ತಿರುಗುವ ಇನ್ನೊಂದು ವ್ಯವಸ್ಥೆಯ ಬಗ್ಗೆ, ಹೆಸರು ಆಮಾಕ್. ಬೆಚ್ಚಗಿನ ಮೇಲ್ನೀರು ಉತ್ತರಕ್ಕೆ ಹೋಗಿ, ಗ್ರೀನ್‌ಲ್ಯಾಂಡ್, ಐಸ್‌ಲ್ಯಾಂಡ್ ಸುತ್ತಮುತ್ತ ತಣ್ಣಗಾಗಿ, ಭಾರವಾಗಿ ಮುಳುಗಿ, ಆಳದಲ್ಲಿ ದಕ್ಷಿಣಕ್ಕೆ ವಾಪಸಾಗುತ್ತದೆ. 2004ರಿಂದ 26.5 ಡಿಗ್ರಿ ಉತ್ತರದಲ್ಲಿ ಉಪಕರಣಗಳ ಸಾಲು ಕಟ್ಟಿ ಇದನ್ನು ಅಳೆಯುತ್ತಿದ್ದಾರೆ. ಸರಾಸರಿ 17 ಸ್ವೆರ್ಡ್ರಪ್ ಆಸುಪಾಸು.

ಯುರೋಪಿನ ಚಳಿಗಾಲ ಹಿತವಾಗಿರುವುದಕ್ಕೆ ಪ್ರವಾಹ ಒಂದೇ ಕಾರಣ ಅನ್ನುವುದೂ ಪೂರ್ತಿ ಸರಿಯಲ್ಲ. ಸಮುದ್ರದ ಮೇಲಿಂದ ಬೀಸುವ ಪಶ್ಚಿಮದ ಗಾಳಿಯ ಪಾಲೇ ದೊಡ್ಡದು ಅಂತ ವಿಜ್ಞಾನಿ ರಿಚರ್ಡ್ ಸೀಗರ್ ತಂಡ 2002ರಲ್ಲಿ ವಾದಿಸಿತು. ಆದರೂ ನಾರ್ವೆಯ ಉತ್ತರದ ತುದಿಯ ಬಂದರುಗಳು ಚಳಿಗಾಲದಲ್ಲೂ ಹೆಪ್ಪುಗಟ್ಟದೆ ಇರುವುದಕ್ಕೆ ಬೆಚ್ಚಗಿನ ನೀರಿನ ಉಪಕಾರ ಇದ್ದೇ ಇದೆ.

ಅಟ್ಲಾಂಟಿಕ್‌ನಲ್ಲಿ ಏನಾದ್ರೆ ನಮಗೇನು?

ಶಾಯಿ ಐಸ್‌ನ ಎರಡನೇ ಲೋಟ ಇಲ್ಲೂ ಬೇಕು. ಗ್ರೀನ್‌ಲ್ಯಾಂಡಿನ ಹಿಮ ಕರಗಿ ಸಿಹಿನೀರು ಕಡಲ ಮೇಲೆ ಹರಡಿದರೆ, ಅಲ್ಲಿನ ನೀರು ಎಷ್ಟು ತಣ್ಣಗಾದರೂ ಮುಳುಗುವುದು ಕಷ್ಟ. ಮುಳುಗದಿದ್ದರೆ ಇಡೀ ತಿರುಗಣಿ ನಿಧಾನವಾಗುತ್ತದೆ. ಉತ್ತರಾರ್ಧ ಗೋಳಕ್ಕೆ ಹೋಗುವ ಬಿಸಿ ಕಡಿಮೆಯಾದರೆ ಉಷ್ಣವಲಯದ ಮಳೆಪಟ್ಟಿ ದಕ್ಷಿಣಕ್ಕೆ ಸರಿಯುತ್ತದೆ, ಏಷ್ಯಾದ ಮಾನ್ಸೂನ್ ಸೊರಗುತ್ತದೆ. ಇದು ಬರೀ ಕಂಪ್ಯೂಟರ್ ಮಾದರಿಯ ಮಾತಲ್ಲ. ಸುಮಾರು 12,900 ವರ್ಷಗಳ ಹಿಂದೆ ಉತ್ತರ ಅಟ್ಲಾಂಟಿಕ್ ಒಮ್ಮೆಲೇ ತಣ್ಣಗಾದಾಗ ಏಷ್ಯಾದ ಮಳೆ ಕುಗ್ಗಿದ ಗುರುತು ಚೀನಾದ ಗುಹೆಗಳ ಸುಣ್ಣದ ಕಂಬಗಳಲ್ಲಿ ಸಿಕ್ಕಿದೆ.

ವಿಶ್ವಸಂಸ್ಥೆಯ ಹವಾಮಾನ ಬದಲಾವಣೆ ಸಮಿತಿ ಐಪಿಸಿಸಿಯ 2021ರ ವರದಿ ಪ್ರಕಾರ ಈ ಶತಮಾನದಲ್ಲಿ ಆಮಾಕ್ ದುರ್ಬಲವಾಗುವುದು ಬಹುಮಟ್ಟಿಗೆ ಖಚಿತ. 2100ರೊಳಗೆ ಹಠಾತ್ತನೆ ಕುಸಿಯುವುದಿಲ್ಲ ಅನ್ನುವುದರಲ್ಲಿ ಮಾತ್ರ ಅವರಿಗೆ ಮಧ್ಯಮ ವಿಶ್ವಾಸ. ಆಮೇಲೆ ಬಂದ ಕೆಲವು ಅಧ್ಯಯನಗಳು ಇಷ್ಟು ನಿರಾಳವಾಗಿಲ್ಲ. ನನ್ನ ಮಟ್ಟಿಗೆ, ‘ಮುಂದಿನ ವರ್ಷವೇ ಪ್ರಳಯ’ ಅನ್ನುವ ವಿಡಿಯೊಗಳನ್ನೂ ನಂಬುವುದಿಲ್ಲ, ‘ಏನೂ ಆಗಲ್ಲ ಬಿಡಿ’ ಅನ್ನುವವರನ್ನೂ ನಂಬುವುದಿಲ್ಲ.

ಎಲ್ ನಿನೋ ಬಂದ್ರೆ ಬರಗಾಲ ಗ್ಯಾರಂಟಿನಾ?

ಗ್ಯಾರಂಟಿ ಇಲ್ಲ. ಸಾಮಾನ್ಯ ವರ್ಷಗಳಲ್ಲಿ ಪೆಸಿಫಿಕ್‌ನ ವಾಣಿಜ್ಯ ಮಾರುತಗಳು ಬೆಚ್ಚಗಿನ ನೀರನ್ನು ಪಶ್ಚಿಮಕ್ಕೆ ತಳ್ಳುತ್ತವೆ. ಎಷ್ಟರ ಮಟ್ಟಿಗೆ ಅಂದರೆ ಇಂಡೊನೇಷ್ಯಾ ಕಡೆಯ ನೀರಿನ ಮಟ್ಟ ದಕ್ಷಿಣ ಅಮೆರಿಕದ ಕಡೆಗಿಂತ ಸುಮಾರು ಅರ್ಧ ಮೀಟರ್ ಮೇಲಿರುತ್ತದೆ. ಗಾಳಿ ತಗ್ಗಿದರೆ ಆ ನೀರು ಪೂರ್ವಕ್ಕೆ ಮರಳುತ್ತದೆ, ಇದೇ ಎಲ್ ನಿನೋ. ಪೆರು ತೀರದಲ್ಲಿ ತಣ್ಣೀರು ಮೇಲೇಳುವುದು ನಿಲ್ಲುತ್ತದೆ, ಮೀನು ಮಾಯ. ಮಳೆಮೋಡಗಳೂ ಬಿಸಿನೀರಿನ ಹಿಂದೆ ಪೂರ್ವಕ್ಕೆ ಹೋಗುತ್ತವೆ, ನಮ್ಮ ಕಡೆ ಗಾಳಿ ಕೆಳಗಿಳಿದು ಒಣಗುತ್ತದೆ.

2023 ಇದಕ್ಕೆ ಉದಾಹರಣೆ. ಆ ವರ್ಷದ್ದು ದೇಶಕ್ಕೆ 1901ರಿಂದೀಚೆಗಿನ ಅತಿ ಒಣ ಆಗಸ್ಟ್. ಕರ್ನಾಟಕದಲ್ಲಿ 223 ತಾಲ್ಲೂಕುಗಳನ್ನು ಬರಪೀಡಿತ ಅಂತ ಘೋಷಿಸಬೇಕಾಯಿತು. ಆದರೆ 1997ರಲ್ಲಿ ಶತಮಾನದ ದೊಡ್ಡ ಎಲ್ ನಿನೋಗಳಲ್ಲಿ ಒಂದು ಬಂದಿದ್ದರೂ ದೇಶದ ಮಳೆ ಸರಾಸರಿಗೆ ಮೋಸವಾಗಲಿಲ್ಲ. ಆ ವರ್ಷ ಹಿಂದೂ ಮಹಾಸಾಗರದ ಪಶ್ಚಿಮ ಭಾಗ ಬೆಚ್ಚಗಾಗಿ, ಸುಮಾತ್ರಾ ಕಡೆ ತಣ್ಣಗಾಗಿತ್ತು. ಈ ಓಲಾಟಕ್ಕೆ ಹಿಂದೂ ಮಹಾಸಾಗರದ ದ್ವಿಧ್ರುವ ಅಂತ 1999ರಲ್ಲಿ ಹೆಸರಿಟ್ಟರು. ಎಲ್ ನಿನೋ ಹೊಡೆತವನ್ನು ಅದು ತಗ್ಗಿಸಿತು ಅನ್ನುವುದು ಒಂದು ವಿವರಣೆ.

ನಮ್ಮ ಕರಾವಳಿ ಪ್ರವಾಹ ಚಳಿಗಾಲದಲ್ಲಿ ಗಾಳಿಗೆ ಎದುರಾಗಿ ಹರಿಯುತ್ತಂತೆ. ಅದು ಹೇಗೆ ಸಾಧ್ಯ?

ಒಳ್ಳೆಯ ಪ್ರಶ್ನೆ, ಈ ಪಟ್ಟಿಯಲ್ಲಿ ನನಗೆ ಬಹಳ ಇಷ್ಟವಾದದ್ದು. ನವೆಂಬರ್‌ನಿಂದ ಜನವರಿವರೆಗೆ ನಮ್ಮ ತೀರದಲ್ಲಿ ಗಾಳಿ ಉತ್ತರದಿಂದ ಮೆಲ್ಲಗೆ ಬೀಸುತ್ತದೆ, ನೀರು ಮಾತ್ರ ಉತ್ತರಕ್ಕೇ ಹೋಗುತ್ತದೆ. ಕಾರಣ ಹುಡುಕಬೇಕಾದ್ದು ಬಂಗಾಳ ಕೊಲ್ಲಿಯಲ್ಲಿ. ಅಲ್ಲಿ ಗಾಳಿ ನೀರನ್ನು ತೀರಕ್ಕೆ ಒತ್ತಿದಾಗ ನೀರಿನ ಮಟ್ಟ ಕೆಲವು ಸೆಂಟಿಮೀಟರ್ ಏರುತ್ತದೆ. ಆ ಉಬ್ಬು ಅಲ್ಲೇ ಕೂರುವುದಿಲ್ಲ. ಉತ್ತರಾರ್ಧ ಗೋಳದಲ್ಲಿ ಇಂಥ ಅಲೆಗಳು ದಡವನ್ನು ಬಲಗಡೆ ಇಟ್ಟುಕೊಂಡೇ ಓಡುತ್ತವೆ. ಇವು ಕೆಲ್ವಿನ್ ಅಲೆಗಳು. ಆಂಧ್ರ, ತಮಿಳುನಾಡಿನ ತೀರ ಹಿಡಿದು ಇಳಿದು, ಶ್ರೀಲಂಕಾ ಸುತ್ತಿ, ಕನ್ಯಾಕುಮಾರಿಯಲ್ಲಿ ತಿರುಗಿ ನಮ್ಮ ತೀರಕ್ಕೆ ಹತ್ತುತ್ತವೆ. ನೀರಿಗಿಂತ ಎಷ್ಟೋ ಬೇಗ ಬರುತ್ತವೆ. ಆ ಉಬ್ಬಿನಿಂದಾಗಿ ದಡದ ಬಳಿ ಮಟ್ಟ ಏರಿ, ಪ್ರವಾಹ ಉತ್ತರಕ್ಕೆ ತಿರುಗುತ್ತದೆ. ಮಲ್ಪೆ ಎದುರಿನ ನೀರು ಯಾವ ಕಡೆ ಹೋಗಬೇಕು ಅನ್ನುವುದನ್ನು ವಿಶಾಖಪಟ್ಟಣದ ಕಡೆಯ ಗಾಳಿಯೂ ತೀರ್ಮಾನಿಸುತ್ತದೆ ಅಂದ ಹಾಗಾಯಿತು.

ಇದನ್ನೆಲ್ಲ ಅಳೆಯೋದು ಹೇಗೆ? ಹಡಗಿನಲ್ಲಿ ಹೋಗ್ತಾರಾ?

ಹೋಗುತ್ತಾರೆ, ಆದರೆ ಹಡಗು ಎಲ್ಲ ಕಡೆ ಇರಲಾರದು. ಈಗ ದೊಡ್ಡ ಭಾರ ಹೊತ್ತಿರುವುದು ಆರ್ಗೋ ತೇಲುಯಂತ್ರಗಳು, ಪ್ರಪಂಚದಲ್ಲಿ ಸುಮಾರು 4,000. ಒಂದೊಂದೂ 1,000 ಮೀಟರ್ ಆಳಕ್ಕೆ ಇಳಿದು, ಅಲ್ಲಿನ ನೀರಿನ ಜೊತೆ ತೇಲುತ್ತಿರುತ್ತದೆ. 10 ದಿನಕ್ಕೊಮ್ಮೆ 2,000 ಮೀಟರ್‌ಗೆ ಇಳಿದು, ತಾಪ ಮತ್ತು ಉಪ್ಪಿನಂಶ ಅಳೆಯುತ್ತಾ ಮೇಲೆ ಬಂದು, ಉಪಗ್ರಹಕ್ಕೆ ವರದಿ ಒಪ್ಪಿಸಿ ಮತ್ತೆ ಮುಳುಗುತ್ತದೆ. ಭಾರತದ ಪಾಲಿನ ಯಂತ್ರಗಳನ್ನು ನೋಡಿಕೊಳ್ಳುವುದು ಹೈದರಾಬಾದಿನ ಸಾಗರ ಮಾಹಿತಿ ಸೇವೆಗಳ ರಾಷ್ಟ್ರೀಯ ಕೇಂದ್ರ, ಅಂದರೆ ಇನ್‌ಕಾಯಿಸ್. ನೀರಿನ ಮಟ್ಟದ ಏರಿಳಿತವನ್ನು ಉಪಗ್ರಹಗಳು ಅಳೆಯುತ್ತವೆ. ಇಸ್ರೊ ಫ್ರಾನ್ಸ್ ಜೊತೆ ಸೇರಿ 2013ರಲ್ಲಿ ಹಾರಿಸಿದ ‘ಸರಳ್’ ಅಂಥದ್ದು. ಮೀನು ಎಲ್ಲಿ ಸಿಗಬಹುದು ಅಂತ ಮೀನುಗಾರರಿಗೆ ಬರುವ ಸೂಚನೆಯೂ ಇನ್‌ಕಾಯಿಸ್‌ನದೇ. ಕನ್ನಡದಲ್ಲೂ ಸಿಗುತ್ತದೆ. ಕಡಲ ಮೇಲ್ಮೈ ತಾಪ ಮತ್ತು ಹಸಿರು ಬಣ್ಣದ ಉಪಗ್ರಹ ಚಿತ್ರಗಳಿಂದ ಅದನ್ನು ತಯಾರಿಸುತ್ತಾರೆ.

ಪ್ರವಾಹದಿಂದ ಕರೆಂಟ್ ಮಾಡಬಹುದಾ?

ಮಾಡಬಹುದು. 2017ರಲ್ಲಿ ಜಪಾನ್‌ನವರು ಕುರೋಶಿಯೋದಲ್ಲಿ 100 ಕಿಲೋವಾಟ್‌ನ ಯಂತ್ರವೊಂದನ್ನು ಪರೀಕ್ಷಿಸಿದರು. ನಮ್ಮ ತೀರಕ್ಕೆ ಇದು ಹೊಂದುವುದಿಲ್ಲ. ಪ್ರವಾಹ ನಿಧಾನ, ಮೇಲಾಗಿ ಆರು ತಿಂಗಳಿಗೊಮ್ಮೆ ತಿರುಗುತ್ತದೆ.

ಇದನ್ನು ಓದಬೇಕು ಅನ್ನೋ ಮಕ್ಕಳಿಗೆ ಕರ್ನಾಟಕದಲ್ಲಿ ಎಲ್ಲಿ ಅವಕಾಶ ಇದೆ?

ಸಮುದ್ರ ಇಲ್ಲದ ಬೆಂಗಳೂರಿನಲ್ಲೇ ಮೊದಲು ನೋಡಿ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಾತಾವರಣ ಮತ್ತು ಸಾಗರ ವಿಜ್ಞಾನಗಳ ಕೇಂದ್ರ ಇದೆ. ಬಂಗಾಳ ಕೊಲ್ಲಿಯ ಮಾನ್ಸೂನ್ ಪ್ರವಾಹದ ಬಗ್ಗೆ 2016ರಲ್ಲಿ ‘ಸಿಂಧು ಸಾಧನಾ’ ಹಡಗಿನಲ್ಲಿ ಹೋಗಿ ಅಧ್ಯಯನ ಮಾಡಿದವರಲ್ಲಿ ಅಲ್ಲಿನವರಿದ್ದರು. ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಸಾಗರ ಎಂಜಿನಿಯರಿಂಗ್, ಮಂಗಳೂರಿನಲ್ಲಿ ಮೀನುಗಾರಿಕಾ ಕಾಲೇಜು, ಕಾರವಾರದ ಕೋಡಿಬಾಗದಲ್ಲಿ ಕಡಲಜೀವಶಾಸ್ತ್ರ ವಿಭಾಗ. ಸ್ವಲ್ಪ ದಾಟಿದರೆ ಗೋವಾದ ದೋನಾ ಪಾವ್ಲಾದಲ್ಲಿ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ. ಪ್ರವಾಹಗಳನ್ನೇ ಓದಬೇಕು ಅಂದರೆ ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಬಿಡಬೇಡಿ. ಈಜು ಬಂದರೆ ಒಳ್ಳೆಯದು, ಆದರೆ ದಿನವಿಡೀ ಬೇಕಾಗೋದು ಕ್ಯಾಲ್ಕುಲಸ್ ಮತ್ತು ಪ್ರೋಗ್ರಾಮಿಂಗ್.